ಕೊಳ್ಳುವವನು ಮುನಿದರೆ ಹಾಲು ಎಲ್ಲಿಗೆ?
(ಸಂಘದ ಬೆಳ್ಳಿಹಬ್ಬ ಸಮಾರಂಭದಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನಾಲ್ಕು ಮಾತು ಆಡಬೇಕೆಂದು ಆಡಳಿತ ಮಂಡಳಿಯವರು ನಮಗೆ ಅಪ್ಪಣೆ ಮಾಡಿದ್ದಾರೆ. ಸಂಘ ಬೆಳೆದು ಬಂದ ದಾರಿಯನ್ನು ಕಾರ್ಯದರ್ಶಿಗಳು ಆಗಲೇ ವರದಿಯಲ್ಲಿ ಓದಿದರು. ನಾವು ಬೇರೆ ಒಂದು ವಿಷಯ ಎತ್ತಿಕೊಳ್ಳುತ್ತೇವೆ. ದೇಶದೇಶಗಳು ಜಗಳವಾಡಿ, ‘ನಿಮ್ಮ ಹಾಲು ಬೇಡ, ನಿಮ್ಮ ಹಣ್ಣು ಬೇಡ’ ಎಂದು ಗಡಿ ಮುಚ್ಚಿಕೊಂಡರೆ ಹಾಲು ಕರೆಯುವವರ ಗತಿ ಏನು? ಇದೇನಪ್ಪಾ, ನಮ್ಮ ಡೇರಿ ಹಬ್ಬದಲ್ಲಿ ಪರದೇಶದ ಪುರಾಣ ಅಂತೀರೇನೋ. ಸ್ವಲ್ಪ ತಾಳ್ಮೆಯಿಂದ ಕೇಳಿ, ಕೊನೆಗೆ ಅದು ನಮ್ಮೂರ ಬಾಗಿಲಿಗೇ ಬಂದು ನಿಲ್ಲುತ್ತೆ.

2014ರ ಮಾರ್ಚ್‌ನಲ್ಲಿ ರಷ್ಯಾ ದೇಶವು ಉಕ್ರೇನಿನ ಕ್ರಿಮಿಯಾ ಪ್ರಾಂತವನ್ನು ತನ್ನೊಳಗೆ ಸೇರಿಸಿಕೊಂಡಿತು. ಅಮೆರಿಕ ಮತ್ತು ಯುರೋಪಿನ ದೇಶಗಳು ಇದನ್ನು ಒಪ್ಪದೆ ರಷ್ಯಾದ ಬ್ಯಾಂಕುಗಳ ಮೇಲೆ, ತೈಲ ಉದ್ಯಮದ ಮೇಲೆ ನಿರ್ಬಂಧ ಹಾಕಿದವು. ಅದಕ್ಕೆ ಪ್ರತಿಯಾಗಿ ಆಗಸ್ಟ್ 7ರಂದು ರಷ್ಯಾ ಸರ್ಕಾರವು ಯುರೋಪಿನ ಒಕ್ಕೂಟ, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನಾರ್ವೆಗಳಿಂದ ಮಾಂಸ, ಮೀನು, ಹಾಲು, ಚೀಸ್, ಹಣ್ಣು, ತರಕಾರಿ ತರಿಸುವುದನ್ನು ನಿಷೇಧಿಸಿತು. ಮೊದಲು ಹೇಳಿದ್ದು ಒಂದೇ ವರ್ಷ ಅಂತ. ಆಮೇಲೆ ಮತ್ತೆ ಮತ್ತೆ ಮುಂದೂಡಿ, 2024ರಲ್ಲಿ ಅದನ್ನು 2026ರ ಕೊನೆಯವರೆಗೆ ಎಳೆದರು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಈಗ ಪಕ್ಕದ ಫಿನ್ಲೆಂಡಿಗೆ ಬನ್ನಿ. ಅಲ್ಲಿ ವಾಲಿಯೋ ಎಂಬ ಹಾಲಿನ ಸಂಸ್ಥೆ ಇದೆ. 1905ರಲ್ಲಿ 17 ಸಹಕಾರಿ ಡೇರಿಗಳು ಬೆಣ್ಣೆ ಮಾರುವುದಕ್ಕೆಂದು ಕೂಡಿ ಕಟ್ಟಿದ್ದು. ನಮ್ಮಂತೆಯೇ ಹಾಲು ಹಾಕುವ ರೈತರೇ ಅದರ ಒಡೆಯರು. ಅದರ ವಹಿವಾಟಿನಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು ರಷ್ಯಾ ಮಾರುಕಟ್ಟೆಯದ್ದಾಗಿತ್ತು. ಆದೇಶ ಬಂದ ದಿನವೇ ಆ ಬಾಗಿಲು ಮುಚ್ಚಿತು. ರಷ್ಯನ್ ಅಕ್ಷರದ ಚೀಟಿ ಅಂಟಿಸಿಟ್ಟ ಚೀಸನ್ನು ತಮ್ಮ ದೇಶದ ಅಂಗಡಿಗಳಲ್ಲೇ ಅಗ್ಗಕ್ಕೆ ಮಾರಿದರು. ಜನ ಅದಕ್ಕೆ ‘ಪುಟಿನ್ ಚೀಸ್’ ಅಂತ ಹೆಸರಿಟ್ಟು ಕೊಂಡು ತಿಂದರು. ಆದರೆ ಹಸುವಿಗೆ ನಿಷೇಧ ಗೊತ್ತೇ? ಮರುದಿನ ಬೆಳಿಗ್ಗೆಯೂ ಅದು ಕೆಚ್ಚಲು ತುಂಬಿಕೊಂಡು ನಿಂತಿತ್ತು. ರೈತನಿಗೆ ಸಿಗುವ ಹಾಲಿನ ದರ ಇಳಿಯಿತು.

ಪೋಲೆಂಡಿನಲ್ಲಿ ಸೇಬಿನ ಕೊಯ್ಲಿನ ಹೊತ್ತು. ಅಲ್ಲಿಂದ ಹೊರಗೆ ಹೋಗುತ್ತಿದ್ದ ಸೇಬಿನಲ್ಲಿ ಅರ್ಧಕ್ಕಿಂತ ಹೆಚ್ಚು ರಷ್ಯಾ ಕೊಳ್ಳುತ್ತಿತ್ತು. ಸೇಬು ತಿನ್ನಿ, ಬೆಳೆಗಾರನನ್ನು ಉಳಿಸಿ ಅಂತ ಅಲ್ಲಿನ ಪತ್ರಿಕೆಯೊಂದು ಕರೆ ಕೊಟ್ಟಿತು. ಜನ ಹಟಕ್ಕೆ ಬಿದ್ದು ತಿಂದರು. ಬೇಗ ಕೆಡುವ ಹಣ್ಣು ತರಕಾರಿಗೆಂದು ಯುರೋಪಿನ ಒಕ್ಕೂಟವು 12.5 ಕೋಟಿ ಯೂರೋ ನೆರವು ಘೋಷಿಸಿತು.

ಹಾಗಾದರೆ ರಷ್ಯಾದ ಜನಕ್ಕೆ ಲಾಭವಾಯಿತೇ? ನ್ಯಾಯವಾಗಿ ಹೇಳಬೇಕು, ಅಲ್ಲಿನ ಕೋಳಿ, ಹಂದಿ ಸಾಕುವವರು ಬೆಳೆದರು. ಕೋಳಿ ಆರು ವಾರಕ್ಕೆ, ಹಂದಿ ಆರು ತಿಂಗಳಿಗೆ ಕೈಗೆ ಬರುತ್ತೆ. ಕರು ಹಸುವಾಗಿ ಹಾಲು ಕೊಡಬೇಕಾದರೆ ಎರಡು ವರ್ಷವಾದರೂ ಬೇಕು ಎಂಬುದು ನಿಮಗೆ ನಾವು ಹೇಳಬೇಕಾಗಿಲ್ಲ. ಹಾಲು ಸಾಲದೆ, ತಾಳೆ ಎಣ್ಣೆ ಬೆರೆಸಿದ ಚೀಸ್ ಅಂಗಡಿಗೆ ಬಂತು. ರೂಬಲ್ಲಿನ ಬೆಲೆ ಕುಸಿದದ್ದೂ ಸೇರಿ ಊಟದ ಖರ್ಚು ಏರಿತು. ಸಮುದ್ರವೇ ಇಲ್ಲದ ಬೆಲಾರುಸ್ ದೇಶದಿಂದ ಸಮುದ್ರದ ಸಿಗಡಿ ಬರತೊಡಗಿತು ಅಂತ ಜನ ನಕ್ಕರು. 2015ರ ಆಗಸ್ಟ್ 6ರಿಂದ, ಕದ್ದು ತಂದ ಆಹಾರವನ್ನು ನಾಶ ಮಾಡುವ ಆಜ್ಞೆ ಜಾರಿಗೆ ಬಂತು. ಬೆಲ್ಗೊರೊದ್ ಪ್ರಾಂತದಲ್ಲಿ ಸುಮಾರು 9 ಟನ್ ಚೀಸನ್ನು ಬುಲ್ಡೋಜರ್ ಹರಿಸಿ ಮಣ್ಣುಮಾಡಿದರು. ‘ಬಡವರಿಗಾದರೂ ಕೊಡಿ’ ಎಂದು ಲಕ್ಷಗಟ್ಟಲೆ ಜನ ಸಹಿ ಹಾಕಿ ಬೇಡಿಕೊಂಡರೂ ಕೇಳಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುತ್ತಾರಲ್ಲ, ಹಾಗೆ.

ಇನ್ನು ಇದು ನಮ್ಮ ಬಾಗಿಲಿಗೆ ಬಂದ ಬಗೆ. ಮಾರಾಟವಾಗದ ಹಾಲನ್ನು ಯುರೋಪಿನವರು ಪುಡಿ ಮಾಡಿದರು. ಅದೇ ಸಮಯಕ್ಕೆ ಚೀನಾ ಕೊಳ್ಳುವುದನ್ನು ಕಡಿಮೆ ಮಾಡಿತು. 2015ರ ಏಪ್ರಿಲ್‌ನಲ್ಲಿ ಯುರೋಪಿನ ಹಾಲಿನ ಕೋಟಾ ಪದ್ಧತಿಯೂ ಮುಗಿದು ಹಾಲು ಇನ್ನೂ ಹೆಚ್ಚಿತು. ಮೂರೂ ಕೂಡಿದ ಮೇಲೆ ಕೇಳಬೇಕೇ? 2014ರ ಆರಂಭದಲ್ಲಿ ಟನ್ನಿಗೆ 4,000 ಡಾಲರ್ ದಾಟಿದ್ದ ಕೆನೆರಹಿತ ಹಾಲಿನ ಪುಡಿ 2015ರ ಮಧ್ಯಕ್ಕೆ 2,000ಕ್ಕಿಂತ ಕೆಳಗಿಳಿಯಿತು. 2013–14ರಲ್ಲಿ ಲಕ್ಷ ಟನ್ನಿಗೂ ಮೀರಿ ಪುಡಿಯನ್ನು ಹೊರಗೆ ಕಳಿಸಿದ್ದ ನಮ್ಮ ದೇಶದ ರಫ್ತು ನೆಲ ಕಚ್ಚಿತು. ಎಲ್ಲೋ ನಡೆದ ಜಗಳ, ಇಲ್ಲಿ ಗೋದಾಮಿನಲ್ಲಿ ಪುಡಿಯ ಮೂಟೆ!

ಆಗ ನಮಗೆ ಒಂದು ಆಸರೆ ಇತ್ತು. 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯ ಯೋಜನೆಯಲ್ಲಿ ನಮ್ಮ ಹಾಲಿನ ಪುಡಿಯೇ 150 ಮಿಲಿಲೀಟರ್ ಹಾಲಾಗಿ ಶಾಲೆಯ, ಅಂಗನವಾಡಿಯ ಮಕ್ಕಳ ಲೋಟಕ್ಕೆ ಬೀಳುತ್ತಿತ್ತು. ಆ ಮಕ್ಕಳು ನಮ್ಮ ಮೇಲೆ ಮುನಿಸಿಕೊಂಡು ಗಡಿ ಮುಚ್ಚುವವರಲ್ಲ.

ಬಂಧುಗಳೇ, ಕೊನೆಯ ಮಾತು. ಹಿಂದೊಮ್ಮೆ ಪೇಟೆಯ ವ್ಯಾಪಾರಿಯೊಬ್ಬರು ಲೀಟರಿಗೆ ಎರಡು ರೂಪಾಯಿ ಜಾಸ್ತಿ ಅಂದಾಗ ನಮ್ಮಲ್ಲಿ ಅರ್ಧಕ್ಕರ್ಧ ಜನ ಅತ್ತ ಹೋದೆವು. ಮುಚ್ಚಿಡುವುದೇಕೆ, ಈ ಮಾತು ಆಡುತ್ತಿರುವ ನಾವೂ ಹೋಗಿದ್ದೆವು. ಮಳೆಗಾಲದಲ್ಲಿ ಹಾಲು ಹೆಚ್ಚಿದ ಒಂದು ಬೆಳಿಗ್ಗೆ ಅವರ ಗಾಡಿ ಬರಲಿಲ್ಲ. ಕ್ಯಾನು ಹಿಡಿದು, ತಲೆ ತಗ್ಗಿಸಿ ಇದೇ ಡೇರಿ ಮುಂದೆ ಸಾಲು ನಿಂತೆವು. ಆವತ್ತು ಕಾರ್ಯದರ್ಶಿಗಳು ಒಂದು ಮಾತೂ ಆಡದೆ ಅಳತೆ ಮಾಡಿ ಹಾಲು ಹಾಕಿಸಿಕೊಂಡರು. ಆ ಋಣ ಇನ್ನೂ ನಮ್ಮ ಮೇಲಿದೆ.

ಒಬ್ಬನೇ ಕೊಳ್ಳುವವನನ್ನು ನಂಬಿದರೆ, ಅವನು ದೊರೆಯಾಗಲಿ ವ್ಯಾಪಾರಿಯಾಗಲಿ, ಅವನ ಮುನಿಸೇ ನಮ್ಮ ಬರಗಾಲ. ಫಿನ್ಲೆಂಡಿನ ರೈತನಿಗೆ ದರ ಇಳಿದರೂ ಹಾಲನ್ನು ಮೋರಿಗೆ ಸುರಿಯುವ ಗತಿ ಬರದಂತೆ ಕಾದದ್ದು ಅವನದೇ ಸಂಘ. ನಮಗೂ ಅಷ್ಟೇ. ದರ ಏರಿದಾಗ ಸಂಘ ಬಿಡದೆ, ಇಳಿದಾಗ ಸಂಘವನ್ನು ಬೈಯದೆ, ಮನೆಯ ಮಕ್ಕಳಿಗೆ ಒಂದು ಲೋಟ ಉಳಿಸಿ ಮಿಕ್ಕಿದ್ದನ್ನು ಡೇರಿಗೆ ಹಾಕೋಣ. ಸಂಘ ಚಿನ್ನದ ಹಬ್ಬ ಕಾಣಲಿ ಎಂದು ಹಾರೈಸುತ್ತೇವೆ.