ಅವರ ಸುಗ್ಗಿಗೆ ನಾವು, ನಮ್ಮ ಮೇಳಕ್ಕೆ ಅವರು



ದೀಪ ಬೆಳಗಿ ಈ ಕನ್ನಡ ಆಹಾರ ಮೇಳಕ್ಕೆ ಚಾಲನೆ ಕೊಡುವ ಅವಕಾಶ ನನಗೆ ಸಿಕ್ಕಿದೆ. ಎಸ್‌ಎಪಿ ಸಾಫ್ಟ್‌ವೇರ್ ಕಂಪನಿಯ ಬೆಂಗಳೂರು ಕಚೇರಿಯಿಂದ ಇಲ್ಲಿ ಜರ್ಮನಿಯ ವಾಲ್ಡಾರ್ಫ್ ಕೇಂದ್ರ ಕಚೇರಿಗೆ ಬಂದವರು ಈ ಸಭೆಯಲ್ಲಿ ಹಲವರಿದ್ದೀರಿ. ಮೊನ್ನೆ ಮೊನ್ನೆ ವಿಮಾನ ಇಳಿದವರೂ ಇದ್ದೀರಿ. ನನ್ನ ಮಾತು ಮುಖ್ಯವಾಗಿ ನಿಮಗೇ. ನಮ್ಮ ಮೇಳಕ್ಕೆ ತಪ್ಪದೆ ಬನ್ನಿ, ಹೊಟ್ಟೆ ತುಂಬ ಉಣ್ಣಿ. ಹಾಗೆಯೇ ಈ ನಾಡಿನವರು ತಮ್ಮ ಬೆಳೆಗೆ, ತಮ್ಮ ಮಣ್ಣಿಗೆ ಮಾಡುವ ಹಬ್ಬಗಳಿಗೂ ಹೋಗಿ. ಹೊಸ ದೇಶದ ಪರಿಚಯ ಕಚೇರಿಯಲ್ಲಿ ಆಗುವುದು ಅರ್ಧ ಮಾತ್ರ.

ಈಗ ಮೇ ತಿಂಗಳು, ಶ್ಪಾರ್ಗೆಲ್ ಕಾಲ. ಪಕ್ಕದ ಶ್ವೆಟ್ಸಿಂಗನ್ ಈ ಬಿಳಿ ಶತಾವರಿ ಕುಡಿಗೆ ಹೆಸರಾದ ಊರು. 17ನೇ ಶತಮಾನದಲ್ಲಿ ಅಲ್ಲಿನ ಅರಮನೆಯ ತೋಟದಲ್ಲಿ ಬೆಳೆದದ್ದು ಆಮೇಲೆ ಸುತ್ತಲ ಮರಳುಮಣ್ಣಿನ ಹೊಲಗಳಿಗೂ ಹಬ್ಬಿತು. ಅರಮನೆಯ ಮುಂದಿನ ಚೌಕದಲ್ಲಿ ಶ್ಪಾರ್ಗೆಲ್ ಮಾರುವ ಹೆಂಗಸಿನ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ತರಕಾರಿ ಮಾರುವವಳಿಗೆ ಪ್ರತಿಮೆ ಕಟ್ಟಿಸಿದ ಊರು ಎಂದರೆ ನನಗೆ ಬಹಳ ಗೌರವ.

ಕೊಳ್ಳುವಾಗ ಅವಸರ ಮಾಡಬೇಡಿ. ಅಂಗಡಿಯವಳು ಎರಡು ಕುಡಿಗಳನ್ನು ಒಂದಕ್ಕೊಂದು ಉಜ್ಜಿ ತೋರಿಸುತ್ತಾಳೆ. ಕೀಚ್ ಎಂದರೆ ತಾಜಾ. ನಾವು ಬೆಂಡೆಕಾಯಿಯ ತುದಿ ಮುರಿದು ನೋಡುತ್ತೇವಲ್ಲ, ಹಾಗೆ. ಕೊಯ್ದ ಬುಡ ಒಣಗಿರಬಾರದು. ಮಣ್ಣಿನ ದಿಬ್ಬದೊಳಗೆ ಬಿಸಿಲು ಕಾಣದೆ ಬೆಳೆಯುವುದರಿಂದ ಅದು ಬೆಳ್ಳಗಿರುತ್ತದೆ. ತಲೆ ಹೊರಗೆ ಹಾಕಿ ಬಿಸಿಲು ತಗುಲಿತೋ, ನೇರಳೆಗೆ ತಿರುಗುತ್ತದೆ. ಸಿಪ್ಪೆ ಹೆರೆದು ಉಪ್ಪುನೀರಿನಲ್ಲಿ ಬೇಯಿಸಿ, ಬೆಣ್ಣೆ ಸುರಿದು, ಬೇಯಿಸಿದ ಆಲೂಗಡ್ಡೆಯ ಜೊತೆ ಉಣ್ಣುತ್ತಾರೆ. ಹೆರೆದ ಸಿಪ್ಪೆಯನ್ನೂ ಎಸೆಯದೆ ಕುದಿಸಿ ಸೂಪು ಮಾಡುತ್ತಾರೆ. ಒಗ್ಗರಣೆ ಇಲ್ಲ, ಖಾರ ಇಲ್ಲ. ಮೊದಲ ತುತ್ತಿಗೆ ಸಪ್ಪೆ ಎನ್ನಿಸಬಹುದು. ಉಪ್ಪಿನಕಾಯಿಗೆ ಕೈ ಚಾಚದೆ ಎರಡನೆಯ ತುತ್ತಿಗೆ ಹೋಗಿ. ಸಣ್ಣಗೆ ಸಿಹಿ, ಅದರ ಹಿಂದೆಯೇ ಒಂದೆಳೆ ಕಹಿ ನಾಲಗೆಗೆ ಸಿಗುತ್ತದೆ.

ಜೂನ್ 24, ಸಂತ ಯೋಹಾನನ ದಿನ. ಅಲ್ಲಿಗೆ ಕೊಯ್ಲು ನಿಲ್ಲುತ್ತದೆ. ಗಿಡ ಎಲೆ ಬಿಟ್ಟು ಬೇರಿಗೆ ಬಲ ತುಂಬಿಕೊಳ್ಳಲಿ, ಮುಂದಿನ ವರ್ಷವೂ ಕುಡಿ ಒಡೆಯಲಿ ಎಂದು. ಬೇಡಿಕೆ ಇದ್ದರೂ ಗಿಡಕ್ಕಾಗಿ ಕೈ ತಡೆಯುವ ಈ ರೂಢಿ ನನಗೆ ಬಹಳ ಹಿಡಿಸಿದೆ. ಇನ್ನೊಂದು ಮಾತನ್ನೂ ಹೇಳಲೇಬೇಕು. ಹೊಲದಲ್ಲಿ ಬಗ್ಗಿ ಒಂದೊಂದೇ ಕುಡಿಯನ್ನು ಕೈಯಿಂದ ಕೊಯ್ಯುವವರಲ್ಲಿ ಎಷ್ಟೋ ಜನ ರುಮೇನಿಯ, ಪೋಲೆಂಡುಗಳಿಂದ ಹಂಗಾಮಿಗೆಂದು ಬಂದ ಕೂಲಿಕಾರರು. ನಮ್ಮ ಹಾಗೆಯೇ ದುಡಿಮೆ ಅರಸಿ ಬಂದವರು. ಹಬ್ಬದ ತಟ್ಟೆ ಹಿಡಿದಾಗ ಅವರನ್ನು ನೆನೆಯೋಣ.

ಶ್ಪಾರ್ಗೆಲ್ ಒಂದೇ ಅಲ್ಲ. ರೈನ್ ನದಿಯ ಆಚೆ ಗಿಮ್ಮೆಲ್ಡಿಂಗನ್ ಎಂಬ ಸಣ್ಣ ಊರಿನಲ್ಲಿ ವಸಂತಕ್ಕೆ ಬಾದಾಮಿ ಹೂವಿನ ಹಬ್ಬ. ಮರ ಹೂಬಿಟ್ಟದ್ದನ್ನು ನೋಡಿಯೇ ದಿನ ಗೊತ್ತುಮಾಡುತ್ತಾರೆ. ಎಲ್ಲವನ್ನೂ ತಿಂಗಳುಗಟ್ಟಲೆ ಮುಂಚೆ ಬರೆದಿಡುವ ಈ ಜನ, ಹೂವಿಗಾಗಿ ಮಾತ್ರ ಕಾಯುತ್ತಾರೆ. ಶರತ್ಕಾಲದಲ್ಲಿ ಅದೇ ಸೀಮೆಯಲ್ಲಿ ಹೊಸ ವೈನು, ಅದರ ಜೊತೆಗೆ ಬಿಸಿ ಈರುಳ್ಳಿ ಕೇಕು. ಆ ವೈನು ಇನ್ನೂ ಹುಳಿಯುತ್ತಲೇ ಇರುವುದರಿಂದ ಬಾಟಲಿಯ ಬಾಯನ್ನು ಬಿಗಿಯಾಗಿ ಮುಚ್ಚುವುದಿಲ್ಲ. ಮಲಗಿಸಿದರೆ ಚೀಲವೆಲ್ಲ ಒದ್ದೆ. ಕುಡಿಯದವರಿಗೆ ದ್ರಾಕ್ಷಿ ರಸ ಇದ್ದೇ ಇದೆ. ಸಸ್ಯಾಹಾರಿಗಳು ಮಾತ್ರ ಈರುಳ್ಳಿ ಕೇಕನ್ನು ಕೇಳಿಯೇ ತಗೊಳ್ಳಿ, ಹಂದಿಮಾಂಸದ ಚೂರು ಹಾಕುವುದು ವಾಡಿಕೆ. ಕೇಳಲು ಸಂಕೋಚ ಬೇಡ. ಬೇಡವೆಂದು ನಗುತ್ತ ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಈ ಹಬ್ಬಗಳಲ್ಲಿ ಉದ್ದನೆಯ ಬೆಂಚುಗಳಿರುತ್ತವೆ. ಜಾಗ ಇದೆಯೇ ಎಂದು ಕೇಳಿ, ಅಪರಿಚಿತರ ಪಕ್ಕದಲ್ಲೇ ಕೂರಿ. ನಮ್ಮವರೇ ಹತ್ತು ಜನ ಒಂದು ಮೂಲೆ ಹಿಡಿದು ಕೂತರೆ ಮನೆಯಲ್ಲೇ ಉಂಡ ಹಾಗಾಯಿತು. ಎಷ್ಟೋ ಹಳ್ಳಿಗಳಲ್ಲಿ ಹಬ್ಬ ನಡೆಸುವವರು ವ್ಯಾಪಾರಿಗಳಲ್ಲ. ಸ್ವಯಂಸೇವಕ ಅಗ್ನಿಶಾಮಕ ದಳ, ಫುಟ್‌ಬಾಲ್ ಸಂಘ, ಹಾಡುವ ಬಳಗ. ಮನೆಯಲ್ಲಿ ಬೇಯಿಸಿ ತಂದ ಕೇಕು ಮಾರಿ ಬಂದ ಹಣದಲ್ಲಿ ಮಕ್ಕಳಿಗೆ ಚೆಂಡು, ಜೆರ್ಸಿ ಬರುತ್ತದೆ. ನಿಮ್ಮ ಮಕ್ಕಳು ಆ ಸಂಘದಲ್ಲಿ ಆಡುತ್ತಿದ್ದರೆ, ಕೆಲಸಕ್ಕೆ ಬರುವವರ ಪಟ್ಟಿಯಲ್ಲಿ ನಿಮ್ಮ ಹೆಸರನ್ನೂ ಬರೆಸಿ. ಲೋಟ ತೊಳೆಯುವ ಕೆಲಸವಾದರೂ ಸರಿ. ಗಿರಾಕಿಯಾಗಿ ಹತ್ತು ಸಲ ಹೋದರೂ ಆಗದ ಸ್ನೇಹ, ಅಂಗಡಿಯ ಹಿಂದೆ ನಿಂತು ಒಂದು ಸಂಜೆ ದುಡಿದರೆ ಆಗುತ್ತದೆ.

ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಅಡ್ಡಾಡಿ ಬೆಳೆದವರಿಗೆ ಇದೆಲ್ಲ ಬೇಗ ಅರ್ಥವಾಗುತ್ತದೆ. ಅಲ್ಲಿ ಹೊಸ ಬೆಳೆ ಬಂದಾಗ ದೇವರಿಗೆ ಒಪ್ಪಿಸಿ, ಬೀದಿಯಲ್ಲಿ ರಾಶಿ ಸುರಿದು ಮಾರುತ್ತಾರೆ; ಹೊಸ ಬೆಳೆಯ ಆ ಸಂಭ್ರಮ ಇಲ್ಲಿಯೂ ಇದೆ.

ಇನ್ನು ನಮ್ಮ ಮೇಳದ ವಿಚಾರ. ಜರ್ಮನ್ ನೆರೆಯವರು ಇಂದು ನಮ್ಮ ಎಲೆಯ ಮುಂದೆ ಕೂರುತ್ತಾರೆ. ಅಲರ್ಜಿ ತರಬಹುದಾದ 14 ಪದಾರ್ಥಗಳು ತಿನಿಸಿನಲ್ಲಿವೆಯೇ ಎಂದು ತಿಳಿಸಬೇಕಾದದ್ದು ಇಲ್ಲಿನ ಕಾನೂನು. ನಮ್ಮ ಒಗ್ಗರಣೆಯ ಸಾಸಿವೆ, ಚಟ್ನಿಪುಡಿಯ ಶೇಂಗಾ, ಎಳ್ಳು, ಪಾಯಸದ ಹಾಲು, ಗೋಡಂಬಿ ಎಲ್ಲವೂ ಆ ಪಟ್ಟಿಯಲ್ಲಿವೆ. ಇಂಗಿನ ಡಬ್ಬಿಯನ್ನೂ ಓದಿ ನೋಡಿ, ಎಷ್ಟೋ ಕಂಪನಿಗಳ ಇಂಗಿನಲ್ಲಿ ಗೋಧಿಹಿಟ್ಟು ಬೆರೆತಿರುತ್ತದೆ. ನಮ್ಮ ಹುಡುಗ ಹುಡುಗಿಯರು ಪ್ರತಿ ಪಾತ್ರೆಯ ಮುಂದೆ ಚೀಟಿ ಅಂಟಿಸಿದ್ದಾರೆ, ಅವರಿಗೆ ನನ್ನ ಮೆಚ್ಚುಗೆ. ಬಡಿಸುವವರು ಚೀಟಿಗಷ್ಟೇ ಬಿಡದೆ ಬಾಯಿಮಾತಿನಲ್ಲೂ ಹೇಳಿ. ಮುದ್ದೆಯನ್ನು ಮುರಿದು, ಬಸ್ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುವುದನ್ನು ಪಕ್ಕದಲ್ಲಿ ಕೂತು ತೋರಿಸಿ. ಖಾರ ಎಷ್ಟು ಬೇಕೆಂದು ಕೇಳಿಯೇ ಎಣ್ಣೆಗಾಯಿ ಬಡಿಸಿ.

ಮೇಳ ಆರಂಭವಾಗಿದೆ ಎಂದು ಸಂತೋಷದಿಂದ ಘೋಷಿಸುತ್ತೇನೆ. ಮೊದಲ ಪಂಕ್ತಿಯಲ್ಲಿ ಅತಿಥಿಗಳು, ಮಕ್ಕಳು ಕೂರಲಿ. ಉಳಿದವರು ಬಡಿಸಲು ಬನ್ನಿ.