ಡ್ರೋನಿನ ಸುದ್ದಿ ದೂರದಿಂದ ಕೇಳಿಸಬೇಕಾದರೆ
(ವಾಚನಾಲಯದಲ್ಲಿ ಮಾಡಿದ ಭಾಷಣ)



ಊರಿಗೆ ಕಳಿಸಿ ಉಳಿದ ಸಂಬಳದಲ್ಲಿ ಅಷ್ಟಿಷ್ಟು ಕೂಡಿಹಾಕಿ ನಮ್ಮಲ್ಲಿ ಕೆಲವರು ಡ್ರೋನು ಜೋಡಿಸಿ ಹಾರಿಸುತ್ತಿದ್ದಾರೆ. ಅವರು ಕೇಳುವ ಪ್ರಶ್ನೆ ಒಂದೇ: ಮುನ್ನೂರು ನಾನೂರು ಮೀಟರು ದಾಟುವಷ್ಟರಲ್ಲಿ ಟೆಲಿಮೆಟ್ರಿ ನಿಂತುಹೋಗುತ್ತದೆ, ಏನು ಮಾಡೋಣ?

ಟೆಲಿಮೆಟ್ರಿಯೆಂದರೆ ಡ್ರೋನು ಪುಟ್ಟ ರೇಡಿಯೊ ಮೂಲಕ ನೆಲದ ಲ್ಯಾಪ್‌ಟಾಪಿಗೆ ಕಳಿಸುವ ಸುದ್ದಿ: ಎಷ್ಟು ಎತ್ತರ, ಎತ್ತ ಪಯಣ, ಬ್ಯಾಟರಿ ಎಷ್ಟು ಉಳಿದಿದೆ. ಅದು ನಿಂತರೆ ಬ್ಯಾಟರಿ ಬರಿದಾಗುತ್ತಿರುವುದು ನಮಗೆ ತಿಳಿಯದು. ಕೆಳಗೆ ಆಡುವ ಮಕ್ಕಳಿಗಂತೂ ತಿಳಿಯುವ ಬಗೆಯೇ ಇಲ್ಲ.

ಹೆಚ್ಚು ಶಕ್ತಿಯ ಸೆಟ್ಟು ಕೊಳ್ಳೋಣವೆಂದು ಎಲ್ಲರಿಗೂ ಮೊದಲು ತೋರುತ್ತದೆ. ನಮ್ಮ ಮಟ್ಟಿಗೆ ಅದು ಕೊನೆಯ ಉಪಾಯ. ಅಡೆತಡೆಯಿಲ್ಲದ ಬಯಲಿನಲ್ಲೂ ದೂರ ಇಮ್ಮಡಿಯಾಗಲು ಶಕ್ತಿ ನಾಲ್ಮಡಿಯಾಗಬೇಕು. 100 ಮಿಲಿವಾಟಿದ್ದಲ್ಲಿ 400 ಬೇಕು. ಅಗ್ಗದ ದಾರಿಗಳು ಬೇರೆ ಇವೆ.

ಎತ್ತರವೇ ಮುಖ್ಯ. ರೇಡಿಯೊ ಅಲೆ ದಾರದಂತೆ ನೇರವಾಗಿ ಸಾಗುವುದಿಲ್ಲ. ಸೌತೆಕಾಯಿಯಂತೆ ನಡುವೆ ಉಬ್ಬಿರುತ್ತದೆ. 866 ಮೆಗಾಹರ್ಟ್ಸ್‌ನಲ್ಲಿ ಒಂದು ಕಿಲೋಮೀಟರು ದೂರಕ್ಕೆ ಆ ಉಬ್ಬು ನಟ್ಟನಡುವೆ ಸುತ್ತಲೂ ಸುಮಾರು 9 ಮೀಟರು. ನೆಲ, ಗೋಡೆ, ಮರ ಅದರೊಳಗೆ ಹೊಕ್ಕಷ್ಟೂ ಸುದ್ದಿ ಸೊರಗುತ್ತದೆ. ಮಾಡಿನ ಮೇಲೆ ಏರಿಯಲ್ ಕಟ್ಟಿ ರೇಡಿಯೊ ಕೇಳಿದ ಹಿರಿಯರಿಗೆ ಇದನ್ನು ಹೇಳಬೇಕಾಗಿಲ್ಲ. ಸೆಟ್ಟನ್ನು ಹುಲ್ಲಿನ ಮೇಲೆ ಬಿಡದೆ ಬಿದಿರುಗಳುವಿನ ತುದಿಗೆ ಕಟ್ಟಿರಿ. ಆಂಟೆನಾ ಮಾತ್ರ ಏರಿಸಿ ಸೆಟ್ಟನ್ನು ಕೆಳಗಿಡುವುದು ಬೇಡ. ಆ ಬಗೆಯ ತೆಳು ತಂತಿ ಮೂರು ಮೀಟರಿನಲ್ಲೇ ಸುಮಾರು ಅರ್ಧ ಶಕ್ತಿಯನ್ನು ನುಂಗುತ್ತದೆ. ಸೆಟ್ಟೇ ಮೇಲಿರಲಿ, ಯುಎಸ್‌ಬಿ ತಂತಿ ಕೆಳಗಿಳಿಯಲಿ.

ಆಂಟೆನಾ ಕಡ್ಡಿಯ ತುದಿ ನೋಡುವ ದಿಕ್ಕಿನಲ್ಲಿ ಅಲೆ ತೀರ ಕ್ಷೀಣ. ಆದ್ದರಿಂದ ಎರಡು ಕಡೆಯೂ ಕಡ್ಡಿ ನೆಟ್ಟಗಿರಲಿ. ಡ್ರೋನಿನಲ್ಲಿ ಅದು ಕಾರ್ಬನ್ ಚೌಕಟ್ಟಿಗೂ ಮೋಟಾರಿನ ತಂತಿಗಳಿಗೂ ದೂರವಿರಬೇಕು. ನೆಲದಲ್ಲಿ ಒಂದೇ ಕಡೆ ಮುಖಮಾಡುವ ಹಲಗೆಯಂಥ ಆಂಟೆನಾ ಇಟ್ಟರೆ 100 ಮಿಲಿವಾಟಿನ ಸೆಟ್ಟೇ ಕೆಲವು ಕಿಲೋಮೀಟರು ಮುಟ್ಟುತ್ತದೆ.

ಇನ್ನೊಂದು ಉಪಾಯಕ್ಕೆ ಕಾಸೂ ಬೇಡ. ಸಂತೆಯ ಗದ್ದಲದಲ್ಲಿ ದೂರದವನೊಡನೆ ನಾವು ನಿಧಾನವಾಗಿ, ಬಿಡಿಸಿ ಮಾತಾಡುತ್ತೇವಲ್ಲವೆ? ಸೆಟ್ಟಿನ ವೇಗವನ್ನು ಸೆಕೆಂಡಿಗೆ 64 ಕಿಲೋಬಿಟ್ಟಿನಿಂದ 16ಕ್ಕೆ ಇಳಿಸಿದರೆ ದೂರ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಎರಡು ಸೆಟ್ಟಿನಲ್ಲೂ ಒಂದೇ ವೇಗವಿರಬೇಕು, ಇಲ್ಲವಾದರೆ ಮಾತೇ ಕೂಡದು.

ಕೊಳ್ಳುವಾಗ ಎಚ್ಚರಿಕೆ. 915ರ ಸೆಟ್ಟು ಅಮೆರಿಕದ 902–928 ಪಟ್ಟಿಗೆ ಹೊಂದುವಂಥದು. ನಮ್ಮಲ್ಲಿ 915ರವರೆಗಿನ ಭಾಗ ಮೊಬೈಲು ಫೋನಿನದು. ಇಲ್ಲಿ 2005ರಲ್ಲಿ 865–867 ಪಟ್ಟಿಗೆ ಲೈಸೆನ್ಸು ಬೇಡವೆಂದಾಯಿತು, 2021ರಲ್ಲಿ ಅದು 868ರವರೆಗೆ ಬೆಳೆಯಿತು. ಸೆಟ್ಟಿನ ಶಕ್ತಿ 1 ವಾಟು ಮೀರಬಾರದು.

ದೂರ ಬೆಳೆಸುವುದು ಡ್ರೋನನ್ನು ಕಣ್ಮರೆಯಾಗಿಸಲು ಅಲ್ಲ, ಕಣ್ಣೆದುರಿಗಿರುವಾಗ ಸುದ್ದಿ ಕಡಿಯದಿರಲು. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದ ಎತ್ತರ 400 ಅಡಿ. ಸುದ್ದಿ ಕಡಿದರೆ ಡ್ರೋನು ತಾನೇ ಮರಳಿ ಬರುವ ಏರ್ಪಾಡನ್ನು ಹಾರಿಸುವ ಮುನ್ನವೇ ತೆರೆದು ನೋಡಿಕೊಳ್ಳಿರಿ. ಅದು ಮರಳುವ ಎತ್ತರ ಸುತ್ತಲಿನ ಮರಗಳಿಗಿಂತ, ವಿದ್ಯುತ್ ತಂತಿಗಳಿಗಿಂತ ಮೇಲಿರಬೇಕು.