ಮೊದಲು ಕೂಡಿಡಿ, ಆಮೇಲೆ ಕಾವಿಗಿಡಿ



ಮನೆಯ ಇನ್‌ಕ್ಯುಬೇಟರ್‌ಗೆ ದಿನಕ್ಕೊಂದು ಮೊಟ್ಟೆ ಸೇರಿಸುತ್ತಾ ಹೋದರೆ ಮರಿಗಳಿಗೆ ಅಪಾಯ. ಕೋಳಿಮೊಟ್ಟೆಗೆ 21 ದಿನದ ಕಾವು ಬೇಕು. ಮೊದಲ 18 ದಿನ ತಿರುಗಿಸುತ್ತಿರಬೇಕು, ತೇವಾಂಶ ಶೇ. 50ರ ಆಸುಪಾಸು ಸಾಕು. ಕೊನೆಯ 3 ದಿನ ತಿರುಗಿಸಬಾರದು, ತೇವಾಂಶ ಶೇ. 65ರ ಮೇಲಿರಬೇಕು. ಒಂದು ಮರಿ ಚಿಪ್ಪು ಒಡೆಯುತ್ತಿರುವಾಗ ಇನ್ನೊಂದು ಮೊಟ್ಟೆ ತಿರುಗಿಸಲೆಂದು ಮುಚ್ಚಳ ತೆಗೆದರೆ, ಒಳಪೊರೆ ಒಣಗಿ ಮರಿ ಅಲ್ಲೇ ಸಿಕ್ಕಿ ಸಾಯಬಹುದು.

ಹಳ್ಳಿಯ ಹೇಂಟೆಯನ್ನು ನೋಡಿ. ದಿನಕ್ಕೊಂದರಂತೆ ಇಟ್ಟರೂ, ಗೂಡು ತುಂಬಿದ ಮೇಲೇ ಕಾವಿಗೆ ಕೂರುತ್ತದೆ. ಅದಕ್ಕೇ ಮರಿಗಳು ಹೆಚ್ಚುಕಡಿಮೆ ಒಟ್ಟಿಗೆ ಹೊರಬರುತ್ತವೆ. ನಾವೂ ಒಂದು ವಾರದ ಮೊಟ್ಟೆ ಕೂಡಿಟ್ಟು ಒಂದೇ ದಿನ ಇಡೋಣ. ಟಿ. ನಗರದ ಸೆಕೆಯಲ್ಲಿ ಹೊರಗಿಟ್ಟರೆ ಭ್ರೂಣ ಅರೆಬರೆ ಬೆಳೆಯತೊಡಗುತ್ತದೆ. ಫ್ರಿಜ್ಜಿನ ಚಳಿಯೂ ಅದಕ್ಕೆ ಆಗದು. 15ರಿಂದ 18 ಡಿಗ್ರಿಯ ಜಾಗದಲ್ಲಿ, ಚೂಪು ತುದಿ ಕೆಳಗಾಗಿ ಇಡಿ.

ಈಗಾಗಲೇ ಹಿಂದುಮುಂದಾಗಿ ಇಟ್ಟಿದ್ದೀರಾ? ಪ್ರತಿ ಮೊಟ್ಟೆಗೂ ಪೆನ್ಸಿಲಿನಲ್ಲಿ ತಾರೀಕು ಬರೆದು, 18ನೇ ದಿನಕ್ಕೆ ಬೇರೆ ಪೆಟ್ಟಿಗೆಗೆ ಸಾಗಿಸಿ. ಗಾಳಿಗೆ ತೂತು ಮಾಡಿದ ಥರ್ಮಾಕೋಲ್ ಪೆಟ್ಟಿಗೆ, ಬಲ್ಬು, ಥರ್ಮೋಸ್ಟಾಟ್, ನೀರಿನ ಬಟ್ಟಲು ಇದ್ದರೆ ಸಾಕು. ಕಾವು 37.5 ಡಿಗ್ರಿ ಇರಲಿ.

ಮೊದಲ ಮರಿ ಚಿಂವ್‌ಗುಟ್ಟಿತೆಂದು ಆತುರಪಟ್ಟು ತೆರೆಯಬೇಡಿ. ಹೊಟ್ಟೆಯೊಳಗಿನ ಹಳದಿಯೇ ಅದಕ್ಕೆ ಎರಡು ದಿನದ ಬುತ್ತಿ. ಹಿಂದಿರುವ ಮರಿಗಳಿಗೂ ಹೊರಬರಲು ಸಮಯ ಕೊಡೋಣ.